ಐರ್ಲೆಂಡಿನ ಮೂರು ಸಂಗೀತೋತ್ಸವಗಳು

ಪುರಾತನವಾದ ಒಂದು ಕಲೆಯು ಕ್ಷೀಣದಶೆಗೆ ಬಂದಾಗ ಅದನ್ನು ಉಳಿಸಿಕೊಳ್ಳುವ ಬಗೆ ಯಾವುದು? ಗ್ರಂಥದಲ್ಲಿ ಬರೆದಿಡುವುದೋ, ಸಭಾಮಂದಿರಕ್ಕೆ ಕರೆತಂದು ಮರ್ಯಾದೆ ಮಾಡುವುದೋ, ಇಲ್ಲವೆ ಜನರ ನಡುವೆಯೇ ಬಿಟ್ಟು ಅವರ ಕೈಕಾಲುಗಳಲ್ಲಿ ಬೆಳೆಯಗೊಡುವುದೋ? ಈ ಪ್ರಶ್ನೆಯು ಪ್ರತಿಯೊಂದು ಜನಾಂಗಕ್ಕೂ ಒಂದಲ್ಲ ಒಂದು ಕಾಲದಲ್ಲಿ ಎದುರಾಗತಕ್ಕದ್ದೇ ಸರಿ. ಯೂರೋಪಿನ ಪಶ್ಚಿಮದಂಚಿನಲ್ಲಿರುವ ಐರ್ಲೆಂಡು ದ್ವೀಪದವರು ಈ ಮೂರು ಮಾರ್ಗಗಳನ್ನೂ ಒಂದಾದ ಮೇಲೊಂದರಂತೆ ಹಿಡಿದು ನೋಡಿದರು. ಒಂದೊಂದು ಮಾರ್ಗಕ್ಕೂ ಒಂದೊಂದು ಉತ್ಸವವು ಸಾಕ್ಷಿಯಾಗಿ ನಿಂತಿದೆ. ಆ ಮೂರು ಉತ್ಸವಗಳ ವೃತ್ತಾಂತವನ್ನು ಶ್ರೋತೃಗಳ ಮುಂದಿಡುವುದೇ ಈ ಹೊತ್ತು ನಮ್ಮ ಉದ್ದೇಶ.

ಮೊದಲನೆಯದು 1792ನೆಯ ಇಸವಿ ಜುಲೈ ತಿಂಗಳಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ನಡೆದ ಹಾರ್ಪುವಾದಕರ ಸಮ್ಮೇಳನ. ಹಾರ್ಪು ಎಂಬುದು ಮೂರು ಕೋನದ ಮರದ ಚೌಕಟ್ಟಿಗೆ ತಂತಿಗಳನ್ನು ಬಿಗಿದು ಎರಡು ಕೈಗಳಿಂದಲೂ ಮೀಟುವ ವಾದ್ಯ. ಐರ್ಲೆಂಡಿನ ಪ್ರಾಚೀನ ಹಾರ್ಪಿಗೆ ಹಿತ್ತಾಳೆಯ ತಂತಿಗಳಿರುತ್ತಿದ್ದವು. ಇದರ ನಾದವು ಗಂಟೆಯ ದನಿಯಂತೆ ಬಹುಹೊತ್ತು ನಿಲ್ಲುವಂತಹುದು. ದೇಶೀಯ ಪಾಳೆಯಗಾರರು ಪ್ರಬಲರಾಗಿದ್ದಷ್ಟು ಕಾಲ ಅವರ ಆಸ್ಥಾನಗಳಲ್ಲಿ ಕವಿಗಳಿಗೆ ಸಮೀಪದಲ್ಲಿಯೇ ಹಾರ್ಪುವಾದಕರಿಗೂ ಪೀಠವಿತ್ತು. ಹದಿನೇಳನೆಯ ಶತಮಾನದ ಯುದ್ಧಗಳಲ್ಲಿ ಆ ಮನೆತನಗಳು ಮುರಿದು, ಭೂಮಿಯು ಅನ್ಯರ ಪಾಲಾದ ಮೇಲೆ, ವಾದಕರು ಆಶ್ರಯವನ್ನು ಅರಸುತ್ತ ಮನೆಯಿಂದ ಮನೆಗೆ ಅಲೆಯುವವರಾದರು. ದೃಷ್ಟಿಹೀನರಾದ ಬಾಲಕರಿಗೆ ಜೀವನೋಪಾಯವಾಗಲೆಂದು ಈ ವಿದ್ಯೆಯನ್ನು ಕಲಿಸುವುದು ಆಗ ರೂಢಿಯಾಗಿತ್ತು.

ಬೆಲ್‌ಫಾಸ್ಟಿನ ಕೆಲವರು ಗೃಹಸ್ಥರು ಚಂದಾ ಎತ್ತಿ, ಬಹುಮಾನಗಳನ್ನು ಸಾರಿ, ದೇಶದಲ್ಲಿ ಉಳಿದಿದ್ದ ಹಾರ್ಪುವಾದಕರಿಗೆಲ್ಲ ಆಹ್ವಾನವಿತ್ತರು. ಬಂದವರೆಷ್ಟು ಮಂದಿ? ಇಡೀ ಐರ್ಲೆಂಡಿನಿಂದ ಹತ್ತು ಮಂದಿ. ವೇಲ್ಸ್ ಸೀಮೆಯಿಂದ ಮತ್ತೊಬ್ಬರು. ಐರ್ಲೆಂಡಿನ ಹತ್ತು ಮಂದಿಯಲ್ಲಿ ಆರು ಮಂದಿ ಅಂಧರು. ಒಬ್ಬಳೇ ಸ್ತ್ರೀ, ಆಕೆಯ ಹೆಸರು ರೋಸ್ ಮೂನಿ. ಎಲ್ಲರಿಗಿಂತ ಹಿರಿಯನಾದ ಡೆನಿಸ್ ಹೆಂಪ್ಸನ್ ಎಂಬಾತನು 90 ವರ್ಷಗಳನ್ನು ಮೀರಿದ್ದ ವೃದ್ಧ. ನೀಳವಾಗಿ ಬೆಳೆಸಿದ ಉಗುರುಗಳಿಂದ ತಂತಿಗಳನ್ನು ಮೀಟುವ ಪ್ರಾಚೀನ ಕ್ರಮವನ್ನು ಬಲ್ಲವನು ಆ ಸಭೆಯಲ್ಲಿ ಆತನೊಬ್ಬನೇ. ಮಿಕ್ಕವರೆಲ್ಲರೂ ಬೆರಳ ತುದಿಯಿಂದ ನುಡಿಸುವ ಹೊಸ ಪದ್ಧತಿಯನ್ನು ಹಿಡಿದಿದ್ದರು.

ಇವರ ನುಡಿಸಾಣಿಕೆಯನ್ನು ಸ್ವರಲಿಪಿಯಲ್ಲಿ ಬರೆದುಕೊಳ್ಳುವುದಕ್ಕಾಗಿ ಎಡ್ವರ್ಡ್ ಬಂಟಿಂಗ್ ಎಂಬ 19 ವರ್ಷದ ಯುವಕನನ್ನು ನೇಮಿಸಿದ್ದರು. ಈತನು ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದವನು. ಆ ಕೆಲವು ದಿನಗಳ ಕೇಳ್ಮೆಯು ಅವನ ಆಯುಷ್ಯದ ಕಾರ್ಯವನ್ನೇ ನಿಶ್ಚಯಿಸಿಬಿಟ್ಟಿತು. ಹಳ್ಳಿಹಳ್ಳಿಗಳನ್ನು ಸುತ್ತಿ, ಹೆಂಪ್ಸನ್ನನ ಮನೆಗೂ ಹೋಗಿ, ಅವನು ಸಂಗ್ರಹಿಸಿದ ಮಟ್ಟುಗಳು 1796, 1809 ಮತ್ತು 1840ರಲ್ಲಿ ಮೂರು ಸಂಪುಟಗಳಾಗಿ ಹೊರಬಂದವು. ಮೊದಲನೆಯ ಸಂಪುಟದಲ್ಲಿ 66 ಮಟ್ಟುಗಳಿವೆ. ಬಂಟಿಂಗನು ಇಲ್ಲದಿದ್ದರೆ ಅವುಗಳಲ್ಲಿ ಎಷ್ಟೋ ಇಂದು ನಮಗೆ ದೊರೆಯುತ್ತಿರಲಿಲ್ಲ.

ಆದರೂ ಇಲ್ಲಿ ಒಂದು ಮಾತನ್ನು ಅರಿಕೆಮಾಡಬೇಕಾಗಿದೆ. ಬಂಟಿಂಗನು ಅಚ್ಚುಹಾಕಿಸಿದ್ದು ಪಿಯಾನೋ ವಾದ್ಯಕ್ಕೆ ಹೊಂದಿಸಿದ ರೂಪವನ್ನು. ಮಟ್ಟುಗಳು ಶ್ರೀಮಂತರ ದಿವಾನಖಾನೆಗಳನ್ನು ಸೇರಿದವು. ಟಾಮಸ್ ಮೂರ್ ಕವಿಯು ಅವುಗಳಲ್ಲಿ ಕೆಲವಕ್ಕೆ ಇಂಗ್ಲಿಷು ಪದಗಳನ್ನು ಹೊಂದಿಸಲು ಲಂಡನ್ನಿನವರೂ ಹಾಡತೊಡಗಿದರು. ಅತ್ತ ಹೆಂಪ್ಸನ್ನನು 1807ರಲ್ಲಿ ತೀರಿಕೊಂಡನು. ಬಾಲಕರಿಗೆ ಹಾರ್ಪನ್ನು ಕಲಿಸಲು 1808ರಲ್ಲಿ ಬೆಲ್‌ಫಾಸ್ಟಿನಲ್ಲಿ ತೆರೆದ ಶಾಲೆಯು ಹಣದ ಕೊರತೆಯಿಂದ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಹಾಗೆಯೇ ಆ ಶತಮಾನವು ನಡೆದಂತೆ ಹಿತ್ತಾಳೆತಂತಿಯ ಹಾರ್ಪು ಮೂಕವಾಯಿತು. ಸ್ವರವು ಉಳಿಯಿತು, ಬೆರಳು ಹೋಯಿತು. ಗಮಕವನ್ನು ಬಲ್ಲ ನಮ್ಮ ಶ್ರೋತೃಗಳಿಗೆ ಈ ನಷ್ಟವು ಎಂತಹುದೆಂಬುದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಎರಡನೆಯ ಉತ್ಸವಕ್ಕೆ ಬರುವ ಮುನ್ನ ನಡುವೆ ಒದಗಿದ ಮಹಾ ವಿಪತ್ತನ್ನು ನೆನೆಯಬೇಕು. 1845ರಿಂದ ಮೊದಲಾಗಿ ಕೆಲವು ವರ್ಷಗಳ ಕಾಲ ಆಲೂಗೆಡ್ಡೆಯ ಬೆಳೆಯು ರೋಗಕ್ಕೆ ತುತ್ತಾಗಿ ಐರ್ಲೆಂಡಿನಲ್ಲಿ ಘೋರ ಕ್ಷಾಮವುಂಟಾಯಿತು. ಸುಮಾರು 10 ಲಕ್ಷ ಜನರು ಮಡಿದರು. ಅಷ್ಟಕ್ಕೆ ಕಡಮೆಯಿಲ್ಲದಷ್ಟು ಮಂದಿ ಹಡಗು ಹತ್ತಿ ದೇಶವನ್ನೇ ಬಿಟ್ಟರು. ಸತ್ತವರಲ್ಲಿಯೂ ಹೋದವರಲ್ಲಿಯೂ ಪಿಟೀಲಿನವರಿದ್ದರು, ಪೈಪು ನುಡಿಸುವವರಿದ್ದರು, ಊರೂರು ತಿರುಗಿ ಹೆಜ್ಜೆ ಕಲಿಸುತ್ತಿದ್ದ ನೃತ್ಯಾಚಾರ್ಯರಿದ್ದರು. ಭಾಷೆಯೂ ಹಿಮ್ಮೆಟ್ಟಿತು. ಅದನ್ನು ಎತ್ತಿಹಿಡಿಯುವುದಕ್ಕಾಗಿ 1893ರಲ್ಲಿ ಗೇಲಿಕ್ ಲೀಗ್ ಎಂಬ ಸಂಘವು ಹುಟ್ಟಿತು. 1897ರ ಮೇ ತಿಂಗಳಿನಲ್ಲಿ ಡಬ್ಲಿನ್ ನಗರವು ಎರಡು ಉತ್ಸವಗಳನ್ನು ಕಂಡಿತು: ಸಂಗೀತಕ್ಕೆ ಮೀಸಲಾದ ಫೆಶ್ ಕ್ಯೋಲ್ ಒಂದು, ಲೀಗಿನವರ ಎರಾಖ್ತಸ್ ಮತ್ತೊಂದು. ಅದೇ ವರ್ಷದ ಅಕ್ಟೋಬರಿನಲ್ಲಿ ಲೀಗಿನ ಲಂಡನ್ ಶಾಖೆಯವರು ಬ್ಲೂಮ್ಸ್‌ಬರಿಯ ಮಂದಿರವೊಂದರಲ್ಲಿ ‘ಕೇಲಿ’ ಎಂಬ ಹೆಸರಿನಿಂದ ಗಾನನರ್ತನಗಳ ಕೂಟವನ್ನು ನಡೆಸಿದರು.

ಈ ಮಹನೀಯರಿಂದ ಆದ ಉಪಕಾರವು ಅಲ್ಪವಲ್ಲ. ಹಳ್ಳಿಗರ ಆಟವೆಂದು ಸುಶಿಕ್ಷಿತರು ತುಚ್ಛವಾಗಿ ಕಾಣುತ್ತಿದ್ದುದಕ್ಕೆ ಇವರು ರಂಗಮಂಟಪದಲ್ಲಿ ಪೀಠವನ್ನು ಕೊಟ್ಟರು. ಆದರೆ ಮರ್ಯಾದೆಯೊಡನೆ ಕಟ್ಟುಪಾಡೂ ಬಂದಿತು. ನಾಲ್ಕು ಜೋಡಿಗಳು ಎದುರುಬದುರಾಗಿ ನಿಂತು ಕುಣಿಯುವ ‘ಸೆಟ್’ ನೃತ್ಯವು ಫ್ರಾನ್ಸಿನಿಂದ ಬಂದ ಕ್ವಾಡ್ರಿಲ್ಲಿನ ಸಂತಾನವೆಂಬ ಕಾರಣದಿಂದ ಅದನ್ನು ಪರಕೀಯವೆಂದು ದೂರವಿಟ್ಟರು. ಹಳ್ಳಿಯವರಾದರೋ ಅದನ್ನು ತಲೆಮಾರುಗಳಿಂದ ಕುಣಿದು ತಮ್ಮದನ್ನಾಗಿಯೇ ಮಾಡಿಕೊಂಡಿದ್ದರು! ಶುದ್ಧಿಯ ಹಂಬಲದಲ್ಲಿ ಜೀವಂತವಾಗಿದ್ದುದನ್ನೇ ಹೊರಗೆ ನಿಲ್ಲಿಸಿದಂತಾಯಿತು.

ಸ್ವತಂತ್ರವಾದ ಮೇಲಾದರೂ ಹಳ್ಳಿಯ ಕುಣಿತಕ್ಕೆ ನೆಮ್ಮದಿಯುಂಟಾಯಿತೆ? ಅದೂ ಇಲ್ಲ. 1935ರಲ್ಲಿ ಸಾರ್ವಜನಿಕ ನೃತ್ಯಶಾಲೆಗಳ ಶಾಸನವು ಜಾರಿಗೆ ಬಂದು, ಸಾರ್ವಜನಿಕ ನರ್ತನಕ್ಕೆ ನ್ಯಾಯಾಲಯದ ಪರವಾನಗಿಯು ಅವಶ್ಯವಾಯಿತು. ಪಾದ್ರಿಗಳೂ ಪೋಲೀಸಿನವರೂ ಇದನ್ನೇ ಆಧಾರವಾಗಿ ಹಿಡಿದು, ರೈತರು ಅಡಿಗೆಮನೆಯ ಕಲ್ಲುಹಾಸಿನ ಮೇಲೆ ಕುಣಿಯುತ್ತಿದ್ದ ಮನೆಕೂಟಗಳನ್ನು ಕೂಡ ಅನೇಕ ಕಡೆ ತಡೆದರು. ಪಿಟೀಲು ಗೋಡೆಯ ಮೊಳೆಯನ್ನೇರಿತು. ಅತ್ತ 1951ರಿಂದ ಹತ್ತು ವರ್ಷಗಳಲ್ಲಿ ಸುಮಾರು 4 ಲಕ್ಷ ಮಂದಿ ಕೆಲಸವನ್ನರಸಿ ದೇಶ ಬಿಡುವವರಿದ್ದರು.

ಇಂತಹ ಕಾಲದಲ್ಲಿ, 1951ರಲ್ಲಿ, ದೇಶದ ಮಧ್ಯದಲ್ಲಿರುವ ಮುಲ್ಲಿಂಗಾರ್ ಎಂಬ ಸಣ್ಣ ಪಟ್ಟಣದಲ್ಲಿ ಮೂರನೆಯ ಉತ್ಸವವು ನಡೆಯಿತು. ಡಬ್ಲಿನ್ನಿನ ಪೈಪುವಾದಕರ ಸಂಘದವರೂ ಮುಲ್ಲಿಂಗಾರಿನ ಸಂಗೀತಾಭಿಮಾನಿಗಳೂ ಸೇರಿ ಹೊಸ ಸಂಸ್ಥೆಯೊಂದನ್ನು ಕಟ್ಟಿ, ಪೆಂತೆಕೋಸ್ತು ಹಬ್ಬದ ರಜೆಯಲ್ಲಿ ವಾದಕರನ್ನು ಕರೆದರು. ಇದೇ ‘ಫ್ಲಾ ಕ್ಯೋಲ್’. ಸಂಗೀತದ ಔತಣವೆಂದು ಅರ್ಥ. ಮೊದಲ ವರ್ಷ ನೆರೆದವರು ಕೆಲವೇ ನೂರು ಮಂದಿ. ಸ್ಪರ್ಧೆಗಳು ಇಲ್ಲಿಯೂ ಇದ್ದವು. ಆದರೆ ಸ್ಪರ್ಧೆಯು ಮುಗಿದೊಡನೆ ವಾದಕರು ಮನೆಗೆ ಹೋಗಲಿಲ್ಲ; ಬೀದಿಯ ಮೂಲೆಗಳಲ್ಲಿ, ಪಾನಗೃಹಗಳ ಬೆಂಚುಗಳ ಮೇಲೆ ಗುಂಪುಗುಂಪಾಗಿ ಕುಳಿತು ಒಟ್ಟಿಗೆ ನುಡಿಸತೊಡಗಿದರು. ಗೆದ್ದವನ ಪಕ್ಕದಲ್ಲಿ ಸೋತವನು, ಮುದುಕನ ಪಕ್ಕದಲ್ಲಿ ಹುಡುಗಿ. ಒಂದು ಸೀಮೆಯ ಬಿಲ್ಲುಗಾರಿಕೆಯನ್ನು ಮತ್ತೊಂದು ಸೀಮೆಯವನು ಹತ್ತಿರದಲ್ಲಿ ಕುಳಿತು ಕಂಡನು. ಅದೇ ದಶಕದಲ್ಲಿ ಐರ್ಲೆಂಡಿನ ಆಕಾಶವಾಣಿಯವರು ಧ್ವನಿಮುದ್ರಣದ ಸಲಕರಣೆಗಳನ್ನು ವಾಹನದಲ್ಲಿ ಹೇರಿಕೊಂಡು ಹಳ್ಳಿಗಳಿಗೆ ಹೊರಟರು. ತನ್ನ ನೆರೆಯವನ ಪಿಟೀಲನ್ನು ಯಂತ್ರದಲ್ಲಿ ಕೇಳಿದ ರೈತನಿಗೆ ಅದರ ಬೆಲೆಯು ಹೊಸದಾಗಿ ತಿಳಿಯಿತು.

ಫ್ಲಾ ಉತ್ಸವವು ಈಗ ಊರಿಂದೂರಿಗೆ ಸಾಗುತ್ತ ಆಗಸ್ಟ್ ತಿಂಗಳಲ್ಲಿ ನಡೆಯುತ್ತದೆ. ಕೆಲವೇ ನೂರಿದ್ದ ಜನವು ಹಲವು ಲಕ್ಷವಾಗಿದೆ. 2013ರಲ್ಲಿ ಅದು ಮೊದಲ ಬಾರಿಗೆ ಉತ್ತರ ಐರ್ಲೆಂಡಿನ ಡೆರಿ ನಗರದಲ್ಲಿ ನಡೆಯಿತು. ಬಹುಕಾಲ ರಕ್ತವನ್ನು ಕಂಡಿದ್ದ ಬೀದಿಗಳಲ್ಲಿ ಪಿಟೀಲುಗಳು ನುಡಿದವು. ಒಮ್ಮೆ ಹೊರಗಿಟ್ಟಿದ್ದ ಸೆಟ್ ನೃತ್ಯವೂ ಮತ್ತೆ ಒಳಬಂದಿದೆ. ರಂಗಮಾರ್ಗವೂ ವ್ಯರ್ಥವಾಗಲಿಲ್ಲ: ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ಪಾದಗಳಿಂದಲೇ ತಾಳವನ್ನು ನುಡಿಸುವ ಅವರ ನೃತ್ಯವು 1994ರಲ್ಲಿ ‘ರಿವರ್‌ಡಾನ್ಸ್’ ಎಂಬ ರೂಪದಿಂದ ಲೋಕಪ್ರಸಿದ್ಧವಾಯಿತು. ಮೊಳಕೈಯಿಂದ ತಿದಿಯನ್ನು ಒತ್ತಿ ನುಡಿಸುವ ಇಲನ್ ಪೈಪನ್ನು 1968ರಲ್ಲಿ ಬಲ್ಲವರು ನೂರು ಮಂದಿಯೂ ಇರಲಿಲ್ಲ; 2017ರಲ್ಲಿ ಆ ವಾದನವನ್ನು ಯುನೆಸ್ಕೋ ಸಂಸ್ಥೆಯು ಮಾನವಕುಲದ ಸಾಂಸ್ಕೃತಿಕ ಸಂಪತ್ತುಗಳ ಪಟ್ಟಿಗೆ ಸೇರಿಸಿತು. 2019ರಲ್ಲಿ ಹಾರ್ಪಿಗೂ ಅದೇ ಗೌರವವು ಸಂದಿತು.

ಹಾಗಾದರೆ ಬಂಟಿಂಗನ ಶ್ರಮವು ನಿಷ್ಫಲವೆಂದು ನಾವು ಹೇಳುವೆವೆ? ಖಂಡಿತವಾಗಿಯೂ ಇಲ್ಲ. ಅವನ ಕೈಬರಹದ ಹಾಳೆಗಳು ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾನಿಲಯದಲ್ಲಿ ಇಂದಿಗೂ ಇವೆ. ಅವುಗಳನ್ನೂ, ಅವನು 1840ರ ಸಂಪುಟದಲ್ಲಿ ಬರೆದಿಟ್ಟ ಬೆರಳುಗಾರಿಕೆಯ ವಿವರಗಳನ್ನೂ ಮುಂದಿಟ್ಟುಕೊಂಡು, ಈ ಕಾಲದ ಕೆಲವರು ಹಿತ್ತಾಳೆತಂತಿಯ ಹಾರ್ಪನ್ನು ಉಗುರಿನಿಂದಲೇ ಮೀಟಲು ಅಭ್ಯಾಸಮಾಡಿದ್ದಾರೆ. ಆದರೆ ಹೆಂಪ್ಸನ್ನನ ಕೈಕೆಳಗೆ ಒಬ್ಬ ಹುಡುಗನು ಹತ್ತು ವರ್ಷ ಕುಳಿತಿದ್ದರೆ ತಾನಾಗಿಯೇ ಬರುತ್ತಿದ್ದುದನ್ನು ಅವರು ಅಕ್ಷರ ಅಕ್ಷರವಾಗಿ ಊಹಿಸಿ ಕೂಡಿಸಿಕೊಳ್ಳಬೇಕಾಗಿದೆ. ಗ್ರಂಥವು ಬೀಜವನ್ನು ಕಾಯಬಲ್ಲುದು; ಬೆಳೆಗೆ ಹೊಲವೇ ಬೇಕು. ಆ ಹೊಲವನ್ನು ಮುಲ್ಲಿಂಗಾರಿನವರು ಬೀದಿಯಲ್ಲಿಯೇ ಕಂಡುಕೊಂಡರು. ಮುದಿ ವಾದಕನೊಬ್ಬನು ಇನ್ನೂ ನುಡಿಸುತ್ತಿರುವಾಗಲೇ ಅವನ ಎದುರಿಗೆ ಒಂದು ಮಗುವನ್ನು ಕುಳ್ಳಿರಿಸುವ ಕೆಲಸವು ಎಲ್ಲಿಯೇ ಆಗಲಿ ನಾಳೆಗೆ ಬಿಡತಕ್ಕದ್ದಲ್ಲ.