ಲಾಯ್ ಕ್ರಾಥೋಂಗ್: ಹಬ್ಬದ ವಯಸ್ಸು ಹುಡುಕಿದ ಕತೆ

ಥಾಯ್ ಪಂಚಾಂಗದ ಹನ್ನೆರಡನೆಯ ತಿಂಗಳ ಹುಣ್ಣಿಮೆ ಬರುವುದು ಸಾಮಾನ್ಯವಾಗಿ ನವೆಂಬರ್‌ನಲ್ಲಿ, ನಮ್ಮ ಕಾರ್ತಿಕ ಹುಣ್ಣಿಮೆಯ ಹೊತ್ತಿಗೆ. ಅಂದು ರಾತ್ರಿ ಥಾಯ್ಲೆಂಡಿನ ಜನ ಬಾಳೆದಿಂಡಿನ ಬಿಲ್ಲೆಗೆ ಮಡಿಚಿದ ಎಲೆ ಸಿಕ್ಕಿಸಿ, ಹೂವು, ಊದುಬತ್ತಿ, ಮೇಣದಬತ್ತಿ ಇಟ್ಟು ನೀರಿಗೆ ಬಿಡುತ್ತಾರೆ; ಹೀಗೆ ತೇಲಿಬಿಡುವುದೇ ಕ್ರಾಥೋಂಗ್. ವರ್ಷವಿಡೀ ನೀರು ಬಳಸಿ ಕೊಳೆಮಾಡಿದ್ದಕ್ಕೆ 'ಫ್ರಾ ಮೇ ಖೊಂಗ್ಖಾ', ಅಂದರೆ ಗಂಗಾಮಾತೆಯ ಕ್ಷಮೆ ಕೇಳುವ ಹಬ್ಬ ಇದು. ಇದರ ವಯಸ್ಸೆಷ್ಟು ಎಂಬುದಕ್ಕೆ ಸಿಕ್ಕ ಉತ್ತರ ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ.

ಬ್ರಾಹ್ಮಣರ ಆಚರಣೆಯನ್ನು ಬೌದ್ಧರು ಬುದ್ಧಪೂಜೆಯಾಗಿ ಒಗ್ಗಿಸಿಕೊಂಡರೆಂದು ದೊರೆ ಮೊಂಗ್ಕುಟ್ 1863ರಲ್ಲಿ ಬರೆದ. ಜನಪ್ರಿಯವಾದದ್ದು ಇನ್ನೊಂದು ಕತೆ: ಹಳೆಯ ರಾಜಧಾನಿ ಸುಖೋಥಾಯ್ ಅರಮನೆಯ ನಾಂಗ್ ನೊಪ್ಪಮಾಸ್ ಎಂಬಾಕೆ ತಾವರೆಯಾಕಾರದ ಮೊದಲ ಕ್ರಾಥೋಂಗ್ ಮಾಡಿ ಅರಸನ ಮೆಚ್ಚುಗೆ ಗಳಿಸಿದಳು ಎಂಬುದು.

ಆಕೆಯ ಹೆಸರಿನ ಗ್ರಂಥವನ್ನು ಪರಿಶೀಲಿಸಿದ ಇತಿಹಾಸಕಾರ, ರಾಜಕುಮಾರ ದಮ್ರೋಂಗ್, ಅದರ ಭಾಷೆ ತೀರ ಈಚಿನ ಬ್ಯಾಂಕಾಕ್ ಕಾಲದ್ದೆಂದು ಗುರುತಿಸಿದ. ಸುಖೋಥಾಯ್ ಕಾಲದಲ್ಲಿ ಯಾರೂ ಕೇಳಿರದ ಅಮೆರಿಕನ್ನರ ಹೆಸರೂ ಅದರಲ್ಲಿತ್ತು! ದೊರೆ ಮೂರನೆಯ ರಾಮನ ಆಳ್ವಿಕೆಯಲ್ಲಿ (1824–1851) ಅದು ರಚಿತವಾಯಿತೆಂಬುದು ಈಗ ಹೆಚ್ಚಿನವರ ಅಭಿಪ್ರಾಯ. 1292ರದೆನ್ನಲಾದ, ಸುಖೋಥಾಯ್ ದೊರೆಯ ಹೆಸರಿನ ರಾಮ್‌ಖಾಮ್‌ಹೆಂಗ್ ಶಾಸನದಲ್ಲಿ ದೀಪ ಹಚ್ಚುವುದನ್ನೂ ಬೆಂಕಿಯಾಟವನ್ನೂ ನೋಡಲು ಜನ ಮುಗಿಬೀಳುವ ವರ್ಣನೆ ಇದೆ. ನೀರಿಗೆ ಕ್ರಾಥೋಂಗ್ ಬಿಟ್ಟ ಮಾತಿಲ್ಲ. ಸುಖೋಥಾಯ್‌ನ ಕೆರೆಗಳು ಕುಡಿಯುವ ನೀರಿನವು, ಈ ಹಬ್ಬಕ್ಕೆ ಹರಿಯುವ ಹೊಳೆಯ ದಂಡೆಯ ಊರೇ ಬೇಕು ಎಂಬುದು ಲೇಖಕ ಸುಜಿತ್ ವೊಂಗ್‌ಥೇಸ್ ಅವರಂಥವರ ವಾದ.

ಹಾಗೆ ಗಮನ ನದಿದಂಡೆಯ ಹಳೆಯ ರಾಜಧಾನಿ ಅಯುತ್ಥಯದ ಕಡೆ ಹೊರಳಿತು. 1687ರಲ್ಲಿ ಅಲ್ಲಿಗೆ ಬಂದ ಫ್ರೆಂಚ್ ರಾಯಭಾರಿ ಲಾ ಲೂಬೆರ್, ನೆರೆ ಇಳಿಯತೊಡಗಿದಾಗ ಜನ ಹಲವು ರಾತ್ರಿ ದೀಪ ಬೆಳಗಿ ನದಿಗೆ ಕೃತಜ್ಞತೆ ಸಲ್ಲಿಸುತ್ತಿದ್ದರೆಂದು ದಾಖಲಿಸಿದ್ದಾನೆ. ಪ್ರವಾಹ ಇಳಿದು ಗದ್ದೆಯ ಪೈರು ಮಾಗುವ ಕಾಲ ಅದು.

ದಾಖಲೆ ದುರ್ಬಲವಾದರೂ ನೊಪ್ಪಮಾಸಳ ಕತೆ ಸೋಲಲಿಲ್ಲ. 1955ರಲ್ಲಿ ಸುಂತರಾಪೋರ್ನ್ ಸಂಗೀತ ತಂಡದ ಹಾಡು ಹಬ್ಬವನ್ನು ಮನೆಮನೆಗೆ ಮುಟ್ಟಿಸಿತು. 1970ರ ದಶಕದಲ್ಲಿ ಸುಖೋಥಾಯ್‌ನ ಅವಶೇಷಗಳ ನಡುವೆ ಉತ್ಸವ ಕಟ್ಟಿದಾಗ ನೊಪ್ಪಮಾಸಳೇ ನಾಯಕಿ. ಅವಳ ಹೆಸರಿನ ಸೌಂದರ್ಯಸ್ಪರ್ಧೆ ಇಂದಿಗೂ ಊರೂರಲ್ಲಿ ನಡೆಯುತ್ತದೆ. ಸ್ಥಳೀಯ ರೂಪಗಳು ಬೇರೆಯೇ: ತಾಕ್‌ನಲ್ಲಿ ಪಿಂಗ್ ನದಿಗೆ ತೆಂಗಿನ ಚಿಪ್ಪಿನ ದೀಪಗಳ ಸಾಲು, ಚಿಯಾಂಗ್ ಮಾಯ್‌ನ ಯಿ ಪೆಂಗ್ ಹಬ್ಬದಲ್ಲಿ ಆಕಾಶಕ್ಕೇರುವ ಕಾಗದದ ದೀಪ.

ಈಗಿನ ಚರ್ಚೆ ಮೂಲದ್ದಲ್ಲ, ಕಸದ್ದು. ಥರ್ಮೋಕೋಲ್ ಬಂದು ಕ್ರಾಥೋಂಗ್ ಅಗ್ಗವಾಯಿತು, ಕಾಲುವೆಗಳು ಕಟ್ಟಿಕೊಂಡವು. 2023ರಲ್ಲಿ ಬ್ಯಾಂಕಾಕ್ ಆಡಳಿತ ನೀರಿನಿಂದ ಎತ್ತಿದ್ದು 6,39,828 ಕ್ರಾಥೋಂಗ್. ನೂರಕ್ಕೆ 96ಕ್ಕೂ ಹೆಚ್ಚು ನೈಸರ್ಗಿಕ ವಸ್ತುವಿನವು. ಆದರೂ ನಿಶ್ಚಿಂತೆಯಿಲ್ಲ: ಮೀನು ತಿಂದು ಮಿಕ್ಕ ಬ್ರೆಡ್ಡಿನ ಕ್ರಾಥೋಂಗ್ ಕೊಳೆತು ನೀರಿನ ಆಮ್ಲಜನಕ ಕುಗ್ಗಿಸುತ್ತದೆ. ಮನೆಮಂದಿಗೆಲ್ಲ ಒಂದೇ ಕ್ರಾಥೋಂಗ್ ಸಾಕೆಂಬ ಮನವಿ, ಪರದೆಯ ಮೇಲೆ ತೇಲಿಬಿಡುವ ಡಿಜಿಟಲ್ ಕ್ರಾಥೋಂಗ್ ಇವೆಲ್ಲ ಈಚಿನ ಬೆಳವಣಿಗೆ. ದರಬಾರು, ಹಾಡು, ಪ್ರವಾಸೋದ್ಯಮ ಒಂದೊಂದೂ ತನಗೆ ಬೇಕಾದಂತೆ ತಿದ್ದಿಕೊಂಡ ಹಬ್ಬವನ್ನು ಈ ಬಾರಿ ತಿದ್ದುತ್ತಿರುವುದು ನದಿಯ ಸ್ಥಿತಿಯೇ. ಕ್ಷಮೆ ಕೇಳುವ ಆಚರಣೆಗೆ ಇದು ತಡವಾಗಿ ಬಂದರೂ ನ್ಯಾಯವಾದ ತಿದ್ದುಪಡಿ.