ನಡುದೂರದ ಎಸೆತ: ನಾಲ್ಕು ತಾಲ್ಲೂಕುಗಳ ಕವಣೆ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅಲ್ಲಿನ ಬೆಟ್ಟದ ಕೋಟೆಗಳ, ಪಾಳೆಯಗಾರರ ಚರಿತ್ರೆಯನ್ನೇ ಬರೆದಿದ್ದು, ಅದೇ ಕೋಟೆಗಳ ಅಡಿಯಲ್ಲಿ ಹರಡಿದ ಖುಷ್ಕಿ ಹೊಲಗಳಲ್ಲಿ ರಾಗಿ, ಜೋಳ, ಸಜ್ಜೆ, ನವಣೆಯ ತೆನೆಗಳನ್ನು ಗಿಳಿ, ಗುಬ್ಬಿ, ಗೀಜಗಗಳಿಂದ ಕಾಯುತ್ತಿದ್ದ ಕವಣೆಗೆ ಆ ಬರವಣಿಗೆಯಲ್ಲಿ ಸಿಕ್ಕಿರುವ ಜಾಗ ಅತ್ಯಲ್ಪ. ನಾರಿನಿಂದ ಹೊಸೆದ ಎರಡು ಹುರಿಗಳ ನಡುವೆ ಅಂಗೈಯಗಲದ ಜೋಲಿಯನ್ನು ಹೆಣೆದರೆ ಕವಣೆಯಾಗುತ್ತದೆ. ಒಂದು ಹುರಿಯ ಕುಣಿಕೆಯನ್ನು ಬೆರಳಿಗೆ ತೊಟ್ಟು, ಇನ್ನೊಂದರ ತುದಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಬೀಸಿನ ವೇಗ ಏರಿದ ಗಳಿಗೆಯಲ್ಲಿ ಆ ತುದಿಯನ್ನಷ್ಟೇ ಬಿಟ್ಟರೆ ಜೋಲಿಯ ಕಲ್ಲು ಚಿಮ್ಮುತ್ತದೆ. ತಮಿಳಿನ ಕವಣ್ ಇದೇ ಮಾತಿನ ಬಳಗಕ್ಕೆ ಸೇರಿದ್ದು, ಆಂಧ್ರದ ನೆಲ ಸುತ್ತುವರಿದಿರುವ ಪಾವಗಡದಲ್ಲಿ ಮನೆಮಾತು ತೆಲುಗಾದವರಿಗೆ ಇದು ವಡಿಸೆಲ.

ಹೊಲದ ನಡುವಿನ ಅಟ್ಟಣೆಯ ಮೇಲೆ ನಿಂತವರಿಗೆ ಬೇಕಾಗಿದ್ದುದು ಅತಿ ದೂರದ ಎಸೆತವಲ್ಲ, ಹೊಲದ ಅಂಚನ್ನು ಮುಟ್ಟುವ ನಡುದೂರದ ಎಸೆತ; ತೆನೆ ಹಾಲುಗಟ್ಟುವ ದಿನಗಳಲ್ಲಿ ಬೆಳಗಿನ, ಸಂಜೆಯ ಹೊತ್ತು ಹಿಂಡು ಎಲ್ಲಿ ಇಳಿಯುತ್ತದೋ ಅದರ ಮಗ್ಗುಲಿಗೆ ಕಲ್ಲು ಬಿದ್ದರೆ ಸಾಕಿತ್ತು, ಹಕ್ಕಿಗೆ ತಗಲಬೇಕೆಂದೇನೂ ಇರಲಿಲ್ಲ. ತೀರ ಹಗುರವಾದ ಕಲ್ಲು ಗಾಳಿಯ ತಡೆಗೆ ಬೇಗ ಸೋಲುತ್ತದೆ, ತೀರ ಭಾರವಾದದ್ದನ್ನು ತೋಳು ಸಾಕಷ್ಟು ವೇಗಕ್ಕೆ ಏರಿಸಲಾರದು, ಮೂಲೆಮೊನೆಗಳಿದ್ದ ಕಲ್ಲು ದಾರಿ ತಪ್ಪುತ್ತದೆ. ಜಯಮಂಗಲಿ, ಸುವರ್ಣಮುಖಿಯಂಥ ಮಳೆಗಾಲದ ಹೊಳೆಗಳ ಪಾತ್ರದಲ್ಲಿ ಉರುಳಿ ನುಣುಪಾದ ಕಲ್ಲುಗಳು ಒಡೆದ ಬಂಡೆಯ ಚೂರುಗಳಿಗಿಂತ ಈ ಕೆಲಸಕ್ಕೆ ಹೆಚ್ಚು ಒಗ್ಗುವುದು ಇದರಿಂದಲೇ. ದೂರಕ್ಕೆ ತಕ್ಕಂತೆ ಸಾಧನವನ್ನು ಆಯ್ದುಕೊಳ್ಳುವ ಈ ವಿವೇಕ ಬಹಳ ಹಳೆಯದು. ಮೆಡಿಟರೇನಿಯನ್ ಸಮುದ್ರದ ಬಲಿಯಾರಿಕ್ ದ್ವೀಪಗಳ ಕವಣೆಗಾರರು ದೂರಕ್ಕೆ ಉದ್ದ ಹುರಿಯದು, ಹತ್ತಿರಕ್ಕೆ ಗಿಡ್ಡ ಹುರಿಯದು, ನಡುದೂರಕ್ಕೆ ಮಧ್ಯಮ ಅಳತೆಯದು ಎಂದು ಮೂರು ಕವಣೆಗಳನ್ನು ಒಯ್ಯುತ್ತಿದ್ದರೆಂದು ಭೂಗೋಳಕಾರ ಸ್ಟ್ರಾಬೊ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. 1970ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಡಿಸ್ಕ್ ಗಾಲ್ಫ್‌ನಲ್ಲಿ, ಅಂದರೆ ಪ್ಲಾಸ್ಟಿಕ್ ತಟ್ಟೆಯನ್ನು ಸರಪಳಿ ಇಳಿಬಿಟ್ಟ ಬುಟ್ಟಿಗೆ ಎಸೆಯುವ ಆಟದಲ್ಲಿ, ದೂರದ ತಟ್ಟೆಗೂ ಬುಟ್ಟಿಯ ಸನಿಹದ ತಟ್ಟೆಗೂ ನಡುವೆ ಮಿಡ್‌ರೇಂಜ್ ಎಂಬ ಬೇರೆಯೇ ತಟ್ಟೆಯಿರುವುದೂ ಇದೇ ಲೆಕ್ಕಾಚಾರದ ಫಲ.

ಕೋಟೆಗಳ ಯುದ್ಧದಲ್ಲಿ ಕವಣೆಗೆ ಉಳಿದಿದ್ದ ಬೆಲೆ ಬಹುಬೇಗ ಕರಗಿತು. ಮಧುಗಿರಿಯನ್ನು ಚಿಕ್ಕದೇವರಾಜ ಒಡೆಯರ ಸೈನ್ಯ 1678ರಲ್ಲಿ ಗೆದ್ದುಕೊಂಡಾಗಲೇ, ಶಿರಾ 1687ರಲ್ಲಿ ಮೊಗಲರ ಪ್ರಾಂತ್ಯದ ರಾಜಧಾನಿಯಾದಾಗಲೇ ಕೋವಿ, ಫಿರಂಗಿಗಳ ಕಾಲ ಬಂದಿತ್ತು, ಹೈದರಾಲಿಯ ಹೊತ್ತಿಗೆ ಕಲ್ಲೆಸೆತ ಸೈನ್ಯದ ಲೆಕ್ಕಕ್ಕೆ ಬರುವಂತಿರಲಿಲ್ಲ. ಹೊಲದಲ್ಲಿ ಮಾತ್ರ ಅದು ಶತಮಾನಗಳ ಕಾಲ ಬಾಳಿತು, ಏಕೆಂದರೆ ಅರಸುಗಳು ಬದಲಾದರೂ ತೆನೆಯೂ ಹಕ್ಕಿಯೂ ಬದಲಾಗಿರಲಿಲ್ಲ. ಕವಣೆಯನ್ನು ಆಯುಧವೆನ್ನುವುದಕ್ಕಿಂತ ಬೇಸಾಯದ ಉಪಕರಣವೆನ್ನುವುದೇ ಈ ಸೀಮೆಯ ಮಟ್ಟಿಗೆ ನ್ಯಾಯವಾದ ಮಾತು.

ಅದನ್ನು ಹಿನ್ನೆಲೆಗೆ ಸರಿಸಿದ್ದು ಬೆಳೆಯ ಬದಲಾವಣೆ. ಇಪ್ಪತ್ತನೆಯ ಶತಮಾನದಲ್ಲಿ ಪಾವಗಡ, ಶಿರಾ, ಮಧುಗಿರಿಗಳ ಕೆಂಪು ಮಣ್ಣಿನಲ್ಲಿ ನೆಲಗಡಲೆ ವಿಸ್ತಾರವಾಗಿ ಹಬ್ಬಿ, ಕಾಯಿ ಮಣ್ಣಿನೊಳಗೇ ಬಲಿಯುವ ಆ ಬೆಳೆಗೆ ಗಿಳಿಹಿಂಡಿನ ಭಯ ಇಲ್ಲವಾದುದರಿಂದ, ಹಗಲು ಅಟ್ಟಣೆಯೇರಿ ಕೂರುವ ಅಗತ್ಯವೇ ಕುಗ್ಗಿತು. ನೆಲವನ್ನು ಕೆದಕಿ ತಿನ್ನುವ ಕಾಡುಹಂದಿ ರಾತ್ರಿ ಬರುವ ಪ್ರಾಣಿಯಾದ್ದರಿಂದ ಅದಕ್ಕೆ ಬೆಂಕಿ, ಪಟಾಕಿ, ಬೇಲಿಗಳೇ ಬೇಕಾದವು. ಇತ್ತ ಓಡಿಸುವುದಕ್ಕಿಂತ ಕಾಪಾಡುವ ಕಾಲವೂ ಬಂತು: ಹೊಲಕ್ಕೆ ಇಳಿಯುವ ಕೃಷ್ಣಮೃಗಗಳಿಗೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಸಂರಕ್ಷಿತ ನೆಲೆಯೆಂದು ಘೋಷಿತವಾಯಿತು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳತ್ತ ಯಾರೂ ಕಲ್ಲು ಬೀಸದಂತೆ ಇಂದು ಊರವರೇ ಕಾವಲಿದ್ದಾರೆ.