ಮುಕ್ತ ವಿಜ್ಞಾನ: ಗದಗ ಸೀಮೆಯ ಒಂದು ಕೆರೆ, ಒಂದು ಗುಡ್ಡ

ಸಂಶೋಧನಾ ಪ್ರಬಂಧಗಳೂ ಅವುಗಳ ಹಿಂದಿನ ದತ್ತಾಂಶ, ವಿಧಾನಗಳೂ ಎಲ್ಲರಿಗೆ ಹಣವಿಲ್ಲದೆ ಸಿಗಬೇಕೆಂಬ ಪದ್ಧತಿಗೆ ಮುಕ್ತ ವಿಜ್ಞಾನವೆಂದು ಹೆಸರು. ಯುನೆಸ್ಕೊ 2021ರಲ್ಲಿ ಇದರ ಕುರಿತು ಶಿಫಾರಸು ಅಂಗೀಕರಿಸಿತು.

ಈ ಪದ್ಧತಿ ನೆಲದ ಮೇಲೆ ಹೇಗಿರುತ್ತದೆಂದು ಗದಗ ಜಿಲ್ಲೆಯ ಎರಡು ತಾಣಗಳಲ್ಲಿ ನೋಡೋಣ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಸುಮಾರು 50 ಹೆಕ್ಟೇರಿನದು, ನೀರಾವರಿಗೆಂದು ಕಟ್ಟಿದ್ದು. ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಇದು ಸೇರಿದ್ದು 2024ರ ಜನವರಿಯಲ್ಲಿ ಪ್ರಕಟವಾಯಿತು. ಇಲ್ಲಿ 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿದ್ದು, ಪ್ರತಿ ಚಳಿಗಾಲ ಸುಮಾರು 8,000 ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಇಂಥ ಕೆರೆಗಳಲ್ಲಿ ಹವ್ಯಾಸಿಗಳು ಎಣಿಸಿದ ಲೆಕ್ಕ ‘ಇ-ಬರ್ಡ್’ ಎಂಬ ಮುಕ್ತ ದಾಖಲೆ ಸೇರಿದರೆ ಯಾವ ಸಂಶೋಧಕನೂ ಬಳಸಬಹುದು. 942 ಜಾತಿಗಳ ಸ್ಥಿತಿ ವಿವರಿಸಿದ 2023ರ ಭಾರತದ ಹಕ್ಕಿಗಳ ವರದಿ ನಿಂತಿರುವುದು ಸುಮಾರು 30,000 ಹವ್ಯಾಸಿಗಳ ಇಂಥ ಲೆಕ್ಕದ ಮೇಲೆಯೇ. ಒಬ್ಬ ವಿಜ್ಞಾನಿಗೆ ಒಂದು ಜನ್ಮದಲ್ಲಿ ಆಗದ ಕೆಲಸವಿದು. ಆದರೆ ಎಣಿಸುವವರು ಹೆಚ್ಚಾಗಿ ಹೆಬ್ಬಾತುಗಳು ಬಂದಾಗಲೇ ಬರುತ್ತಾರೆ. ದಾಖಲೆಯಲ್ಲಿ ಮಳೆಗಾಲದ ಸಾಲುಗಳು ಖಾಲಿ ಇದ್ದರೆ ಹಕ್ಕಿ ಇರಲಿಲ್ಲವೋ, ನೋಡುವವರೇ ಇರಲಿಲ್ಲವೋ ತಿಳಿಯದು. ಬೇಟೆಗೆ ಸಿಗಬಹುದಾದ ಕೆಲವು ಜಾತಿಗಳ ನೆಲೆಯನ್ನು ಇ-ಬರ್ಡ್ ಮರೆಮಾಚುತ್ತದೆ. ಅದು ಸರಿಯಾದ ನಡೆ.

ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ, 2019ರಲ್ಲಿ ವನ್ಯಜೀವಿ ಧಾಮವಾದ ಕಪ್ಪತಗುಡ್ಡದಲ್ಲಿ ಯಾವುದನ್ನು ತೆರೆದಿಡಬೇಕು, ಯಾವುದನ್ನು ಮರೆಮಾಚಬೇಕೆಂಬ ಪ್ರಶ್ನೆ ಇನ್ನೂ ಗಂಭೀರ. ಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದದ್ದು. ನಾಟಿ ವೈದ್ಯರ ಅರಿವನ್ನು ಬಹಿರಂಗಪಡಿಸಿದರೆ ಹೊರಗಿನವರು ಪೇಟೆಂಟ್ ಮಾಡಿಸಿಕೊಂಡಾರೆಂಬ ಅಂಜಿಕೆ ಸಹಜ. ಆದರೆ ಗಾಯಕ್ಕೆ ಅರಿಸಿನ ಹಚ್ಚುವುದರ ಮೇಲೆ ಅಮೆರಿಕದಲ್ಲಿ ಕೊಟ್ಟಿದ್ದ ಪೇಟೆಂಟ್ 1997ರಲ್ಲಿ ರದ್ದಾದದ್ದು, ಆ ಬಳಕೆ ಹಳೆಯ ಗ್ರಂಥಗಳಲ್ಲಿ ದಾಖಲಾಗಿತ್ತೆಂಬ ಕಾರಣಕ್ಕೇ. ಬರೆದಿಟ್ಟ ಅರಿವೇ ಸಾಕ್ಷಿ. ಹೀಗಾಗಿ ಸಸ್ಯದ ಬಳಕೆಯನ್ನು, ಹೇಳಿದವರ ಒಪ್ಪಿಗೆ ಪಡೆದು ಅವರ ಹೆಸರಿನಲ್ಲೇ ದಾಖಲಿಸಿ, ಅದು ಬೆಳೆವ ಜಾಗವನ್ನು ಮಾತ್ರ ಗುಟ್ಟಾಗಿಡುವುದು ವಿವೇಕ. ಜಾಗ ಗೊತ್ತಾದರೆ ಬೇರುಸಹಿತ ಕಿತ್ತೊಯ್ಯುವವರಿದ್ದಾರೆ. ಇಂಥ ದಾಖಲೆಗೆ ದಾರಿಯೂ ಇದೆ: 2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು.

ಇನ್ನು ಖರ್ಚಿನ ಮಾತು. ಹಲವು ಮುಕ್ತ ಪತ್ರಿಕೆಗಳಲ್ಲಿ ಓದುಗನ ಬದಲು ಲೇಖಕನೇ ಶುಲ್ಕ ಕಟ್ಟಬೇಕು. ಸಣ್ಣ ಊರಿನ ಕಾಲೇಜಿನ ಅಧ್ಯಾಪಕನಿಗೆ ಇದು ದೊಡ್ಡ ಭಾರ. ಓದುವವರ ಖರ್ಚಿನ ಕಡೆ ನೋಡಿದರೆ, ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ 6,000 ಕೋಟಿ ರೂಪಾಯಿಯ ‘ಒಂದು ದೇಶ ಒಂದು ಚಂದಾ’ ಯೋಜನೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳನ್ನು ಒದಗಿಸುತ್ತದೆ. ಕೆರೆ ದಂಡೆಯ ರೈತ ಅದರ ವ್ಯಾಪ್ತಿಗೆ ಬರುವುದಿಲ್ಲ. ಪ್ರಬಂಧ ಪುಕ್ಕಟೆ ಸಿಕ್ಕರೂ ಅದು ಇಂಗ್ಲಿಷಿನಲ್ಲಿ. ತನ್ನ ಹೊಲಕ್ಕೆ ಇಳಿಯುವ ಹೆಬ್ಬಾತುಗಳ ಬಗ್ಗೆ ಬರೆದದ್ದನ್ನು ಅವನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕು.